ಎಲೆಯ ಬಲ ಮುಚ್ಚಿಡುವುದಕ್ಕೂ ಲೆಕ್ಕ ಬರೆದ ಜಾನ್ ವಾನ್ ನ್ಯೂಮನ್

ತೀನ್ ಪತ್ತಿ ಆಡುವವರನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಳ್ಳೆಯ ಎಲೆ ಬಂದ ಕೂಡಲೇ ಕಣ್ಣರಳಿಸುವವನಿಗೆ ದೊಡ್ಡ ಗೆಲುವು ಸಿಗುವುದಿಲ್ಲ. ಅವನು ಪಣ ಏರಿಸುತ್ತಲೇ ಉಳಿದವರೆಲ್ಲ ಪ್ಯಾಕ್ ಮಾಡಿಬಿಡುತ್ತಾರೆ. ಕೈಯಲ್ಲಿ ಮೂರು ಎಕ್ಕ ಇದ್ದರೂ ಅವನಿಗೆ ದಕ್ಕುವುದು ಮೊದಲು ಇಟ್ಟ ಚಿಲ್ಲರೆ ಕಾಸು ಮಾತ್ರ. ಅಮೆರಿಕದ ಪೋಕರ್ ಆಟದಲ್ಲೂ ಇದೇ ಕಥೆ. ಎಲೆಯ ಬಲವನ್ನು ಮುಚ್ಚಿಡುವುದು ಮುಖಭಾವಕ್ಕೆ ಸಂಬಂಧಿಸಿದ ವಿದ್ಯೆ ಎಂದು ಆಟಗಾರರು ಬಹುಕಾಲ ನಂಬಿದ್ದರು. ಅದರ ಹಿಂದೆ ಗಟ್ಟಿಯಾದ ಗಣಿತವಿದೆ ಎಂದು ತೋರಿಸಿಕೊಟ್ಟವರು ಇಪ್ಪತ್ತನೆಯ ಶತಮಾನದ ಮಹಾ ಗಣಿತಜ್ಞ ಜಾನ್ ವಾನ್ ನ್ಯೂಮನ್.

ಬುಡಾಪೆಸ್ಟಿನ ಬಾಲಕ

ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್ ನಗರದ ಯೆಹೂದಿ ಕುಟುಂಬವೊಂದರಲ್ಲಿ. ತಂದೆ ಬ್ಯಾಂಕ್ ವ್ಯವಹಾರದಲ್ಲಿದ್ದ ಅನುಕೂಲಸ್ಥರು. ಹುಡುಗನ ಹೆಸರು ಯಾನೋಷ್. ಮುಂದೆ ಜರ್ಮನಿಯಲ್ಲಿ ಅದು ಯೋಹಾನ್ ಆಯಿತು, ಅಮೆರಿಕದಲ್ಲಿ ಜಾನ್ ಆಯಿತು. ಮನೆಯಲ್ಲಿ ಹಂಗೇರಿಯನ್ ಜೊತೆಗೆ ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಕಲಿತ ಈ ಹುಡುಗ ಆರನೆಯ ವಯಸ್ಸಿನಲ್ಲೇ ಎಂಟು ಅಂಕಿಗಳ ಸಂಖ್ಯೆಗಳನ್ನು ಬಾಯಿಲೆಕ್ಕದಲ್ಲಿ ಭಾಗಿಸುತ್ತಿದ್ದ ಎಂದು ಹೇಳುತ್ತಾರೆ.

ಗಣಿತ ಓದಿದರೆ ಹೊಟ್ಟೆ ತುಂಬುವುದಿಲ್ಲ ಎಂಬ ಚಿಂತೆ ತಂದೆಯದು. ಹಾಗಾಗಿ ಮಗ ಬರ್ಲಿನ್ ಮತ್ತು ಜ್ಯೂರಿಕ್‌ನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಬೇಕಾಯಿತು. ಅದರ ಜೊತೆಜೊತೆಗೇ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್‌ಗೂ ಓದಿದರು. 1926ರಲ್ಲಿ ಎರಡೂ ಪದವಿಗಳು ಕೈಸೇರಿದವು!

ಮುಚ್ಚಿದ ಕೈಯ ಕಲ್ಲು

ಅದೇ ವರ್ಷದ ಡಿಸೆಂಬರ್‌ನಲ್ಲಿ, 22ರ ವಯಸ್ಸಿನ ನ್ಯೂಮನ್ ಜರ್ಮನಿಯ ಗಟಿಂಗೆನ್ ನಗರದ ಗಣಿತಜ್ಞರ ಮುಂದೆ ಒಂದು ಪ್ರಬಂಧ ಓದಿದರು. ವಿಷಯ ಮನೆಯೊಳಗೆ ಕೂತು ಆಡುವ ಆಟಗಳು. 1928ರಲ್ಲಿ ಅದು ಅಚ್ಚಾಯಿತು. ಫ್ರಾನ್ಸಿನ ಎಮಿಲ್ ಬೊರೆಲ್ 1921ರಲ್ಲೇ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದರು. ಆದರೆ ಒಬ್ಬ ಗೆದ್ದಷ್ಟನ್ನೇ ಇನ್ನೊಬ್ಬ ಸೋಲುವ ಇಬ್ಬರ ಆಟಗಳಿಗೆಲ್ಲ ಒಪ್ಪುವ ಸಾಧನೆಯನ್ನು ಕೊಟ್ಟವರು ನ್ಯೂಮನ್.

ಮಕ್ಕಳು ಬೆನ್ನ ಹಿಂದೆ ಕೈಕಟ್ಟಿ, ಒಂದು ಮುಷ್ಟಿಯಲ್ಲಿ ಕಲ್ಲಿಟ್ಟು ಯಾವ ಕೈ ಎಂದು ಕೇಳುವ ಆಟವನ್ನೇ ನೋಡಿ. ಯಾವಾಗಲೂ ಬಲಗೈಯಲ್ಲಿ ಇಡುವವನು ಬೇಗ ಸಿಕ್ಕಿಬೀಳುತ್ತಾನೆ. ಒಮ್ಮೆ ಎಡ ಒಮ್ಮೆ ಬಲ ಎಂದು ಸರದಿಯಲ್ಲಿ ಇಟ್ಟರೂ ಅಷ್ಟೇ. ಪ್ರತಿ ಸಲವೂ ಮನಸ್ಸಿನಲ್ಲೇ ಚೀಟಿ ಎತ್ತಿದಂತೆ, ಯಾವ ಕ್ರಮವೂ ಇಲ್ಲದೆ ಇಟ್ಟರೆ ಮಾತ್ರ ಎದುರಾಳಿಗೆ ಸುಳಿವು ಸಿಗುವುದಿಲ್ಲ. ನಾನು ಹೀಗೇ ಇಡುತ್ತೇನೆ ಎಂದು ಅವನಿಗೆ ಮೊದಲೇ ತಿಳಿಸಿದರೂ ಅವನಿಗೆ ಲಾಭವಿಲ್ಲ! ನ್ಯೂಮನ್ ಸಾಧನೆಯ ತಿರುಳು ಇದೇ.

ಪೋಕರ್‌ಗೆ ಅಧ್ಯಾಯ

1930ರಲ್ಲಿ ನ್ಯೂಮನ್ ಅಮೆರಿಕದ ಪ್ರಿನ್ಸ್‌ಟನ್‌ಗೆ ಬಂದರು. 1933ರಿಂದ ಅಲ್ಲಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. ಐನ್‌ಸ್ಟೈನ್ ಅಲ್ಲಿ ಅವರ ಸಹೋದ್ಯೋಗಿ. ಆಸ್ಟ್ರಿಯದಿಂದ ಬಂದಿದ್ದ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಸೇರಿ ಅವರು ಬರೆದ, ಆಟಗಳ ಸಿದ್ಧಾಂತ ಕುರಿತ 600ಕ್ಕೂ ಹೆಚ್ಚು ಪುಟಗಳ ಗ್ರಂಥ 1944ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೋಕರ್‌ಗೆಂದೇ ವಿಸ್ತಾರವಾದ ಭಾಗವಿದೆ.

ಬ್ಲಫ್ ಮಾಡುವುದಕ್ಕೆ ಎರಡು ಕಾರಣಗಳಿವೆ ಎನ್ನುತ್ತದೆ ಆ ಗ್ರಂಥ. ಕೆಟ್ಟ ಎಲೆ ಇದ್ದಾಗ ಬಲವಿದೆ ಎಂದು ತೋರಿಸುವುದು ಒಂದು. ಒಳ್ಳೆಯ ಎಲೆ ಇದ್ದಾಗಲೂ ಬಲವಿಲ್ಲವೇನೋ ಎಂಬ ಅನುಮಾನವನ್ನು ಎದುರಾಳಿಯಲ್ಲಿ ಉಳಿಸುವುದು ಇನ್ನೊಂದು. ಸಾಮಾನ್ಯ ಆಟಗಾರನಿಗೆ ಹೊಳೆಯುವುದು ಮೊದಲನೆಯದು ಮಾತ್ರ. ಆದರೆ ಹೆಚ್ಚು ತೂಕದ್ದು ಎರಡನೆಯದು.

ಅವರು ಕಟ್ಟಿದ ಮಾದರಿಯ ಸರಳ ರೂಪ ಹೀಗಿದೆ. 1ರಿಂದ 90ರವರೆಗೆ ಅಂಕಿ ಬರೆದ ಚೀಟಿಗಳು. ಇಬ್ಬರು ತಲಾ ಒಂದು ರೂಪಾಯಿ ಇಟ್ಟು ಒಂದೊಂದು ಚೀಟಿ ಎತ್ತುತ್ತಾರೆ. ದೊಡ್ಡ ಅಂಕಿಗೆ ಗೆಲುವು. ಮೊದಲಿನವನು ಪಣ ಏರಿಸದೆ ಶೋ ಮಾಡಬಹುದು, ಇಲ್ಲವೇ ಇನ್ನೆರಡು ರೂಪಾಯಿ ಏರಿಸಬಹುದು. ಏರಿಸಿದರೆ ಎರಡನೆಯವನು ಅಷ್ಟೇ ಹಾಕಿ ನೋಡಬೇಕು, ಇಲ್ಲವೇ ಪ್ಯಾಕ್ ಮಾಡಬೇಕು.

ಲೆಕ್ಕ ಹಾಕಿದರೆ ಸಿಗುವ ಉತ್ತರ ಬೆರಗು ಹುಟ್ಟಿಸುತ್ತದೆ. ಮೊದಲಿನವನು ಸುಮಾರು 71ರಿಂದ 90ರ ಚೀಟಿ ಬಂದರೆ ಏರಿಸಬೇಕು, 11ರಿಂದ 70ರವರೆಗಿನದು ಬಂದರೆ ಸುಮ್ಮನೆ ಶೋ ಮಾಡಬೇಕು, 1ರಿಂದ 10ರ ತೀರಾ ಕೆಟ್ಟ ಚೀಟಿ ಬಂದರೆ ಮತ್ತೆ ಏರಿಸಬೇಕು! ಹೀಗೆ ಆಡಿದರೆ ಅವನು ಏರಿಸುವ ಮೂವತ್ತು ಚೀಟಿಗಳಲ್ಲಿ ಇಪ್ಪತ್ತು ನಿಜವಾದ ಬಲದ್ದು, ಹತ್ತು ಟೊಳ್ಳು. ಕೈಯಲ್ಲಿ 60 ಹಿಡಿದ ಎದುರಾಳಿ ನೋಡಿದರೆ ಮೂರರಲ್ಲಿ ಎರಡು ಸಲ ಎರಡೆರಡು ರೂಪಾಯಿ ಕಳೆದುಕೊಳ್ಳುತ್ತಾನೆ, ಒಂದು ಸಲ ನಾಲ್ಕು ರೂಪಾಯಿ ಗಳಿಸುತ್ತಾನೆ. ಅಂದರೆ ನೋಡಿದರೂ ಪ್ಯಾಕ್ ಮಾಡಿದರೂ ಅವನಿಗೆ ಒಂದೇ. ಹತ್ತು ಟೊಳ್ಳು ಚೀಟಿಗಳ ನೆರಳಿನಲ್ಲಿ ಇಪ್ಪತ್ತು ಗಟ್ಟಿ ಚೀಟಿಗಳು ಅಡಗಿ ಕುಳಿತಿರುತ್ತವೆ. ಆಗಾಗ ಸಿಕ್ಕಿಬಿದ್ದು ಕಳೆದುಕೊಳ್ಳುವ ಕಾಸು, ಒಳ್ಳೆಯ ಎಲೆಯನ್ನು ಮುಚ್ಚಿಡಲು ಕೊಡುವ ಬಾಡಿಗೆ ಇದ್ದಂತೆ.

ಹತ್ತು ಡಾಲರ್ ಸೋಲು

ಇಷ್ಟೆಲ್ಲ ಬರೆದ ನ್ಯೂಮನ್ ಪೋಕರ್ ಮೇಜಿನಲ್ಲಿ ಮಾತ್ರ ಸಾಧಾರಣ ಆಟಗಾರ. ಗೆಳೆಯ ಸ್ಟಾನಿಸ್ಲಾ ಉಲಾಂ ತಮ್ಮ ಆತ್ಮಕಥೆಯಲ್ಲಿ ಒಂದು ತಮಾಷೆಯ ಪ್ರಸಂಗ ಹೇಳಿದ್ದಾರೆ. ನಿಕೊಲಸ್ ಮೆಟ್ರೊಪೊಲಿಸ್ ಎಂಬ ವಿಜ್ಞಾನಿ ಪೋಕರ್‌ನಲ್ಲಿ ನ್ಯೂಮನ್ ಅವರಿಂದ ಹತ್ತು ಡಾಲರ್ ಗೆದ್ದರಂತೆ. ಐದು ಡಾಲರಿಗೆ ನ್ಯೂಮನ್ ಅವರದೇ ಗ್ರಂಥ ಕೊಂಡು, ಉಳಿದ ಐದರ ನೋಟನ್ನು ಗೆಲುವಿನ ಗುರುತಾಗಿ ಅದರ ಒಳಗೆ ಅಂಟಿಸಿದರಂತೆ.

ಯುದ್ಧಕಾಲದಲ್ಲಿ ನ್ಯೂಮನ್ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬ್ ಕೆಲಸಕ್ಕೂ ಸೇರಿದ್ದರು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಸ್ಫೋಟಕ ರಚನೆಯ ಲೆಕ್ಕದಲ್ಲಿ ಅವರ ಪಾಲು ದೊಡ್ಡದು. ಅದೇ ವರ್ಷ ಅವರು ಬರೆದ ವರದಿಯ ಜಾಡಿನಲ್ಲೇ ಮುಂದಿನ ಕಂಪ್ಯೂಟರುಗಳು ರೂಪುಗೊಂಡವು. ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದ ಮೇಲೆ ತಾವೇ ಮೊದಲು ಕೈಮಾಡಬೇಕು ಎಂಬ ವಾದಕ್ಕೂ ಅವರು ಬೆಂಬಲವಾಗಿದ್ದರು. ಇಸ್ಪೀಟಿನಲ್ಲಿ ಸೋತವನಿಗೆ ಮತ್ತೆ ಎಲೆ ಹಂಚುತ್ತಾರೆ. ಅಣುಯುದ್ಧದಲ್ಲಿ ಹಂಚಲು ಯಾರೂ ಉಳಿಯುವುದಿಲ್ಲ. ನ್ಯೂಮನ್ ಬದುಕಿನ ಈ ಭಾಗವನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಮುಚ್ಚಿಡಲಾಗದ ಭಯ

1955ರಲ್ಲಿ ಅವರು ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾದರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಂದ ಪದಕ ಪಡೆಯುವಾಗ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಅವರ ಕೋಣೆಗೆ ಕಾವಲಿತ್ತು. ಔಷಧದ ಮಂಪರಿನಲ್ಲಿ ದೇಶದ ರಹಸ್ಯ ಬಾಯಿಬಿಟ್ಟಾರು ಎಂಬ ಆತಂಕ ಸರ್ಕಾರಕ್ಕೆ!

ಸಾವಿನ ಭಯವನ್ನು ಅವರು ಯಾರಿಂದಲೂ ಮುಚ್ಚಿಡಲಾಗಲಿಲ್ಲ. ಬುದ್ಧಿ ಇನ್ನೂ ಉಳಿದಿದೆಯೇ ಎಂದು ನೋಡಲು, ಏಳಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಎಂಬಂಥ ಲೆಕ್ಕ ಕೇಳುವಂತೆ ಮಗಳು ಮರೀನಾಳನ್ನು ಬೇಡಿಕೊಂಡರು. ನಾಲ್ಕಾರು ಲೆಕ್ಕ ಕೇಳಿದ ಮಗಳು ಸಂಕಟ ತಾಳಲಾರದೆ ಹೊರಗೆ ನಡೆದಳು. 1957ರ ಫೆಬ್ರವರಿ 8ರಂದು, 53ನೆಯ ವಯಸ್ಸಿನಲ್ಲಿ ನ್ಯೂಮನ್ ತೀರಿಕೊಂಡರು.

ಅವರು ಹೋಗಿ ಅರವತ್ತು ವರ್ಷಗಳಾಗುವ ಹೊತ್ತಿಗೆ, 2017ರ ಜನವರಿಯಲ್ಲಿ, ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ಪೋಕರ್ ನಿಪುಣರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಬಿಗಿಹಿಡಿಯಲು ಅದಕ್ಕೆ ಮುಖವೇ ಇರಲಿಲ್ಲ. ಅದರ ಬಳಿ ಇದ್ದದ್ದು ನ್ಯೂಮನ್ ತೋರಿಸಿದ ಲೆಕ್ಕದ ದಾರಿಯೊಂದೇ.