ಬೆಕ್ಕು ಕರಡಿಗಳ ಕಥೆಗಾರ ಮಾರ್ಟೆನ್ ಟೋಂಡರ್

ಹಾಲೆಂಡ್ ಎಂದೊಡನೆ ನಮಗೆ ನೆನಪಾಗುವವರು 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡ, 1741ರಲ್ಲಿ ಕೊಳಚ್ಚಲಿನಲ್ಲಿ ಮಾರ್ತಾಂಡವರ್ಮನ ಸೈನ್ಯಕ್ಕೆ ಸೋತ ಡಚ್ಚರು. ಶಾಲೆಯ ಚರಿತ್ರೆ ಪುಸ್ತಕ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆ ಜನ ತಮ್ಮ ಮನೆಯಲ್ಲಿ ಏನನ್ನು ಓದುತ್ತಾರೆ, ಯಾವ ಕಥೆಗೆ ನಗುತ್ತಾರೆ ಎಂದು ನಾವು ಕೇಳಿದವರಲ್ಲ. ಅವರ ದಿನಪತ್ರಿಕೆಯ ಒಂದು ಮೂಲೆಯಲ್ಲಿ ಕುಳಿತು ಸುಮಾರು ನಾಲ್ಕೂವರೆ ದಶಕಗಳ ಕಾಲ ಬೆಕ್ಕು ಕರಡಿಗಳ ಕಥೆ ಹೇಳಿದವರೊಬ್ಬರಿದ್ದರು. ಆ ಕಥೆಗಳಿಂದ ಡಚ್ ಭಾಷೆಯ ನಿಘಂಟಿಗೇ ಹೊಸ ಪದಗಳು ಸೇರಿದವು. ಅವರ ಹೆಸರು ಮಾರ್ಟೆನ್ ಟೋಂಡರ್.

ಟೋಂಡರ್ ಹುಟ್ಟಿದ್ದು 1912ರ ಮೇ 2ರಂದು, ಬಂದರು ನಗರವಾದ ರಾಟರ್‌ಡ್ಯಾಮಿನಲ್ಲಿ. ತಂದೆ ವ್ಯಾಪಾರಿ ಹಡಗಿನ ಕಪ್ತಾನರು. ತಮ್ಮ ಯಾನ್ ಗೆರ್‌ಹಾರ್ಡ್ ಮುಂದೆ ಸಾಹಿತಿಯಾದರು. ಹೈಸ್ಕೂಲು ಮುಗಿದ 1931ರಲ್ಲಿ ಮಾರ್ಟೆನ್ ತಂದೆಯ ಜತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ಗೆ ಹೋದರು. ಅಲ್ಲಿ ಚಿತ್ರಕಥೆಗಳನ್ನು ರಚಿಸುವ ವಿಧಾನದ ಪರಿಚಯವಾಯಿತು. ಊರಿಗೆ ಮರಳುವಾಗ ತನ್ನ ಕಸುಬು ಯಾವುದೆಂದು ಹುಡುಗ ನಿಶ್ಚಯಿಸಿಯಾಗಿತ್ತು.

ಕಲಾಶಾಲೆಯಲ್ಲಿ ಹೆಚ್ಚು ಕಾಲ ನಿಲ್ಲದೆ, 1933ರಲ್ಲಿ ಅವರು ಲೈಡನ್ ನಗರದ ಒಂದು ಮುದ್ರಣ ಸಂಸ್ಥೆಯನ್ನು ಸೇರಿದರು. ಅಲ್ಲಿ ಸುಮಾರು ಆರು ವರ್ಷ ಚಿತ್ರ ಬರೆದು ಕೈ ಪಳಗಿಸಿಕೊಂಡರು. 1935ರಲ್ಲಿ ಫಿನಿ ಡಿಕ್ ಎಂಬವರನ್ನು ಮದುವೆಯಾದರು. ಫಿನಿ ಸ್ವತಃ ಮಕ್ಕಳ ಕಥೆಗಳನ್ನು ಬರೆಯುತ್ತಿದ್ದ, ಚಿತ್ರ ರಚಿಸುತ್ತಿದ್ದ ಕಲಾವಿದೆ. ಗಂಡನ ಕೆಲಸದಲ್ಲಿ ಅವರ ಪಾಲು ಎಷ್ಟು ದೊಡ್ಡದು ಎಂಬುದು ಮುಂದೆ ತಿಳಿಯುತ್ತದೆ.

1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಹಾಲೆಂಡನ್ನು ಆಕ್ರಮಿಸಿತು. ಬಾಂಬಿನ ಮಳೆಗೆ ರಾಟರ್‌ಡ್ಯಾಮಿನ ನಡುಭಾಗ ಬೂದಿಯಾಯಿತು. ಅಮೆರಿಕದ ಚಿತ್ರಕಥೆಗಳು ಬರುವುದು ನಿಂತಾಗ, ಡಿ ಟೆಲಿಗ್ರಾಫ್ ಎಂಬ ದಿನಪತ್ರಿಕೆಯಲ್ಲಿ ಮಿಕಿ ಮೌಸ್ ಪ್ರಕಟವಾಗುತ್ತಿದ್ದ ಜಾಗ ಖಾಲಿಯಾಯಿತು. ಆ ಜಾಗಕ್ಕೆ 1941ರ ಮಾರ್ಚ್ 16ರಂದು ಬಂದದ್ದು ಟೋಂಡರರ ಪುಟ್ಟ ಬಿಳಿ ಬೆಕ್ಕು, ಟಾಮ್ ಪೂಸ್. ಡಚ್ ಭಾಷೆಯಲ್ಲಿ ಪೂಸ್ ಎಂದರೆ ಬೆಕ್ಕು. ಟಾಮ್‌ಪೂಸ್ ಎಂಬುದು ಅಲ್ಲಿನ ಬೇಕರಿಗಳಲ್ಲಿ ಸಿಗುವ, ಕೆನೆ ತುಂಬಿದ ಒಂದು ಸಿಹಿತಿಂಡಿಯ ಹೆಸರೂ ಹೌದು. ಈ ಜೋಡಿ ಅರ್ಥದ ಹೆಸರನ್ನು ಸೂಚಿಸಿದವರು ಫಿನಿ.

ಅದೇ ವರ್ಷ ಮೂರನೆಯ ಕಥೆಯಲ್ಲಿ ಒಲಿವಿಯರ್ ಬೊಮ್ಮೆಲ್ ಎಂಬ ಕರಡಿ ಕಾಣಿಸಿಕೊಂಡಿತು. ಚೌಕಳಿ ಕೋಟು ತೊಟ್ಟ, ಕೋಟೆಯಂಥ ಮನೆಯುಳ್ಳ ಸಿರಿವಂತ ಕರಡಿಯದು. ಬಾಯಲ್ಲಿ ಬಡಾಯಿ, ಎದೆಯಲ್ಲಿ ಪುಕ್ಕಲು, ಆದರೆ ಮನಸ್ಸು ಬೆಣ್ಣೆ. ಮಾತೆತ್ತಿದರೆ ತನ್ನ ತೀರಿಹೋದ ತಂದೆಯ ಬುದ್ಧಿವಾದವನ್ನು ಸ್ಮರಿಸುವ ಬೊಮ್ಮೆಲ್ ಪ್ರತಿ ಕಥೆಯಲ್ಲೂ ಎಡವಟ್ಟು ಮಾಡಿಕೊಳ್ಳುತ್ತಾನೆ. ಹೆಚ್ಚು ಮಾತಾಡದ ಬೆಕ್ಕು ಉಪಾಯ ಹುಡುಕಿ ಅವನನ್ನು ಪಾರುಮಾಡುತ್ತದೆ. ಕೊನೆಗೆ ಎಲ್ಲರೂ ಊಟಕ್ಕೆ ಕೂರುತ್ತಾರೆ. ಅತಿಥಿಯಾಗಿ ಬಂದ ಈ ಕರಡಿ ಕಾಲಕ್ರಮದಲ್ಲಿ ಮನೆಯ ಯಜಮಾನನೇ ಆಗಿಬಿಟ್ಟಿತು.

ಆದರೆ ಆ ವರ್ಷಗಳು ನಗುವ ವರ್ಷಗಳಾಗಿರಲಿಲ್ಲ. ಪತ್ರಿಕೆಗಳೆಲ್ಲ ಜರ್ಮನರ ಅಂಕೆಯಲ್ಲಿದ್ದವು. ಚಿತ್ರ ಬರೆದು ಹೊಟ್ಟೆ ಹೊರೆಯುವವನು ಅಂಥ ಪತ್ರಿಕೆಗೆ ಬರೆಯಬಹುದೇ ಎಂಬುದು ಸುಲಭವಾಗಿ ಉತ್ತರ ಹೇಳಬಹುದಾದ ಪ್ರಶ್ನೆಯಲ್ಲ. ಟೋಂಡರ್ ಮೂರು ವರ್ಷಕ್ಕೂ ಮಿಕ್ಕಿ ಬರೆದರು. ಅದೇ ಹೊತ್ತಿಗೆ ಅವರ ಚಿತ್ರಶಾಲೆಯ ಮರೆಯಲ್ಲಿ ಪ್ರತಿರೋಧ ಚಳವಳಿಯವರ ಗುಪ್ತ ಮುದ್ರಣ ನಡೆಯುತ್ತಿತ್ತು. ಮೆಟ್ರೊ ಎಂಬ ಭೂಗತ ಪತ್ರಿಕೆಗೆ ಅವರೇ ವ್ಯಂಗ್ಯಚಿತ್ರಗಳನ್ನು ಬರೆದರು. ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯವಿತ್ತು. 1944ರ ಕೊನೆಯಲ್ಲಿ ಡಿ ಟೆಲಿಗ್ರಾಫ್‌ನ ಚುಕ್ಕಾಣಿ ನಾತ್ಸಿ ಪಕ್ಷಪಾತಿಯ ಕೈಸೇರಿದಾಗ, ಟೋಂಡರ್ ಮನೋರೋಗದ ನೆಪ ಹೂಡಿ ಬರವಣಿಗೆ ನಿಲ್ಲಿಸಿದರು. ಕಥೆ ಅರ್ಧಕ್ಕೇ ನಿಂತಿತು. ಯುದ್ಧ ಮುಗಿದ ಮೇಲೆ ಆ ಪತ್ರಿಕೆಗೆ ಬಿದ್ದ ನಿಷೇಧ 1949ರವರೆಗೂ ತೆರವಾಗಲಿಲ್ಲ. ಬೆಕ್ಕು ಕರಡಿಗಳು ಮಾತ್ರ 1947ರಲ್ಲೇ ರಾಟರ್‌ಡ್ಯಾಮಿನ ಎನ್‌ಆರ್‌ಸಿ ಪತ್ರಿಕೆಯಲ್ಲೂ ಫೋಕ್ಸ್‌ಕ್ರಾಂಟ್ ಪತ್ರಿಕೆಯಲ್ಲೂ ಓದುಗರ ಮುಂದೆ ಮತ್ತೆ ಬಂದವು.

ಈ ಕಥೆಗಳ ರೂಪವನ್ನು ಕುರಿತು ಒಂದು ಮಾತು ಹೇಳಬೇಕು. ಪಾತ್ರದ ಬಾಯಿಂದ ಗುಳ್ಳೆಯಂತೆ ಹೊರಡುವ ಮಾತು ಇಲ್ಲಿಲ್ಲ. ಮೇಲೆ ಚಿತ್ರಗಳ ಒಂದು ಸಾಲು, ಕೆಳಗೆ ತುಂಬು ಗದ್ಯ. ಚಿತ್ರವನ್ನಷ್ಟೇ ನೋಡಿ ಪುಟ ಮಗುಚಿದರೆ ಅರ್ಧ ಸ್ವಾರಸ್ಯ ಕೈತಪ್ಪುತ್ತದೆ. ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಾರೆಂಬ ಆತಂಕ ಹಾಲೆಂಡಿನಲ್ಲಿ ಎದ್ದು, 1948ರಲ್ಲಿ ಶಿಕ್ಷಣ ಸಚಿವ ರುಟ್ಟನ್ ಶಾಲೆಗಳಿಗೆ ಎಚ್ಚರಿಕೆಯ ಪತ್ರವನ್ನೇ ಬರೆದಿದ್ದರು. ಅಧ್ಯಾಪಕ ವರ್ಗಕ್ಕೆ ಸೇರಿದ ನಮಗೆ ಆ ಆತಂಕ ಅರ್ಥವಾಗದ್ದೇನಲ್ಲ. ಆದರೆ ಟೋಂಡರರ ಗದ್ಯ ಓದುವ ಅಭ್ಯಾಸವನ್ನು ಕಸಿಯುವ ಬಗೆಯದಾಗಿರಲಿಲ್ಲ. ಮಕ್ಕಳಿಗೆಂದು ಹುಟ್ಟಿದ ಕಥೆಯನ್ನು ಬರಬರುತ್ತಾ ದೊಡ್ಡವರೇ ಹೆಚ್ಚಾಗಿ ಕಾದು ಓದತೊಡಗಿದರು.

ಅದಕ್ಕೆ ಕಾರಣ ರೊಮ್ಮೆಲ್‌ಡಾಮ್ ಎಂಬ ಅವರ ಕಲ್ಪನೆಯ ಪಟ್ಟಣ. ಅಲ್ಲಿ ನಿಯಮ ತಪ್ಪದ ಸರಕಾರಿ ಅಧಿಕಾರಿಯಿದ್ದಾನೆ, ಸಿಡುಕು ಮೋರೆಯ ಪೊಲೀಸ್ ನಾಯಿಯಿದೆ, ದುಷ್ಟಬುದ್ಧಿಯ ವಿಜ್ಞಾನಿ ಮೇಕೆಯಿದೆ, ಹಳೇ ವಂಶದ ಜಂಬದ ಹುಂಜವಿದೆ. ಪ್ರಾಣಿಗಳ ಮುಖ, ನೆರೆಹೊರೆಯವರ ಗುಣ. ಪಂಚತಂತ್ರ ಓದಿ ಬೆಳೆದ ನಮಗೆ ಈ ಉಪಾಯ ಹೊಸದಲ್ಲ. ಪಂಚತಂತ್ರದ ಕಥೆ ನೀತಿ ಹೇಳಿ ಮುಗಿಯುತ್ತದೆ. ರೊಮ್ಮೆಲ್‌ಡಾಮಿನಲ್ಲಿ ಆ ಕೆಲಸ ಓದುಗನದು. 1963ರ ಒಂದು ಕಥೆಯಲ್ಲಿ, ಜಗತ್ತಿನ ಸಕಲ ಸಂಪತ್ತನ್ನೂ ಹಿಡಿದುಕೊಂಡ ಬೆರಳೆಣಿಕೆಯ ಮಹಾಧನಿಕರ ಗುಂಪಿಗೆ ಬೊಮ್ಮೆಲ್ ಸೇರಿಬಿಡುತ್ತಾನೆ. ಅವರನ್ನು ಟೋಂಡರ್ ಬೋವನ್‌ಬಾಸ್ ಎಂದು ಕರೆದರು, ಅಂದರೆ ಮೇಲಿನವರಿಗೂ ಮೇಲಿನ ಯಜಮಾನ. ಡಚ್ಚರು ಇಂದಿಗೂ ಆ ಮಾತನ್ನು ಬಳಸುತ್ತಾರೆ. ಅವರು ಹುಟ್ಟಿಸಿದ ಪದ ಅದೊಂದೇ ಅಲ್ಲ. ಒಬ್ಬನ ಯೋಚನೆಯ ಚೌಕಟ್ಟಿಗೆ ಡೆಂಕ್‌ರಾಮ್, ಮಂದಬುದ್ಧಿಯವನಿಗೆ ಮಿನ್‌ಕೂಕೆಲ್, ಮನೋವೈದ್ಯನಿಗೆ ಆತ್ಮವನ್ನು ಚಿವುಟುವವನು ಎಂಬರ್ಥದ ಜೀಲ್‌ಕ್ನೈಪರ್. ಕಥೆಯಲ್ಲಿ ಕುಳ್ಳರೂ ಕರಡಿಗಳೂ ಆಡಿದ ಮಾತು ಜನರ ಬಾಯಿಗೆ ಬಂದು, ಅಲ್ಲಿಂದ ನಿಘಂಟನ್ನು ಸೇರಿತು.

ಕೆಲಸ ಹೆಚ್ಚಿದಂತೆ ಟೋಂಡರರ ಚಿತ್ರಶಾಲೆ ಬೆಳೆಯಿತು. ಪಾಂಡಾ, ಕಪ್ಪಿ ಮೊದಲಾದ ಬೇರೆ ಚಿತ್ರಕಥೆಗಳು ಅಲ್ಲಿಂದ ಹೊರಟವು. ಅನೇಕ ತರುಣರು ಅಲ್ಲಿ ಕಸುಬು ಕಲಿತರು. ಬೊಮ್ಮೆಲ್ ಕಥೆಯ ಚಿತ್ರಗಳಿಗೆ ಸಹಾಯಕರು ಪೆನ್ಸಿಲ್ ಗೆರೆ ಹಾಕಿಕೊಡುತ್ತಿದ್ದರೂ ಅದರ ಗದ್ಯವನ್ನು ಮಾತ್ರ ಟೋಂಡರ್ ಬೇರೆಯವರ ಕೈಗೆ ಒಪ್ಪಿಸಲಿಲ್ಲ. ಸಂಸ್ಥೆ ನಡೆಸುವ ಗದ್ದಲ ಸಾಕೆನಿಸಿ 1965ರಲ್ಲಿ ಐರ್ಲೆಂಡಿನ ಗ್ರೇಸ್ಟೋನ್ಸ್ ಎಂಬ ಕಡಲತೀರದ ಊರಿಗೆ ಹೋಗಿ ನೆಲೆಸಿದರು. ದೇಶ ಬಿಟ್ಟರೂ ಭಾಷೆಯನ್ನು ಬಿಡಲಿಲ್ಲ. ಅಲ್ಲಿಂದಲೇ ಇಪ್ಪತ್ತು ವರ್ಷ ತಾಯ್ನಾಡಿನ ಪತ್ರಿಕೆಗೆ ಡಚ್ ಭಾಷೆಯಲ್ಲಿ ಬರೆದರು.

1967ರಿಂದ ಹೆಸರಾಂತ ಸಾಹಿತ್ಯ ಪ್ರಕಾಶನ ಸಂಸ್ಥೆಯೊಂದು ಈ ಕಥೆಗಳನ್ನು ಪುಸ್ತಕಗಳಾಗಿ ತರತೊಡಗಿತು. ಪತ್ರಿಕೆಯ ಜತೆ ಮರುದಿನವೇ ರದ್ದಿಯಾಗುತ್ತಿದ್ದ ಬರಹ ಕಪಾಟಿನಲ್ಲಿ ಕಾದಂಬರಿಗಳ ಪಕ್ಕ ಕುಳಿತಿತು. 1983ರಲ್ಲಿ ಬೊಮ್ಮೆಲ್‌ನ ಒಂದು ಕಥೆ ಪೂರ್ಣ ಪ್ರಮಾಣದ ಕಾರ್ಟೂನ್ ಚಲನಚಿತ್ರವಾಯಿತು. ಹಾಲೆಂಡಿನಲ್ಲಿ ಅಂಥದ್ದು ಅದೇ ಮೊದಲು.

1986ರ ಜನವರಿಯಲ್ಲಿ, ಪತ್ರಿಕೆಯ 177ನೆಯ ಕಥೆಯೊಂದಿಗೆ, ಟೋಂಡರ್ ತಾವಾಗಿಯೇ ಲೇಖನಿ ಕೆಳಗಿಟ್ಟರು. ಆ ಕೊನೆಯ ಕಥೆಯಲ್ಲಿ ಬೊಮ್ಮೆಲ್ ನೆರೆಮನೆಯ ಡೊಡ್ಡೆಲ್‌ಳನ್ನು ಮದುವೆಯಾಗುತ್ತಾನೆ. ಕರಡಿಗೆ ಸಂಸಾರ ಕೂಡಿಬಂತು. ಕಥೆಗಾರನ ಸಂಸಾರ ಮಾತ್ರ ಕರಗುತ್ತ ಬಂತು. ಫಿನಿ 1990ರಲ್ಲಿ ತೀರಿಕೊಂಡರು. 1996ರಲ್ಲಿ ಟೋಂಡರ್ ಸಂಗೀತ ರಚನೆಕಾರ್ತಿ ಟೇರಾ ಡಿ ಮರೆಜ್ ಓಯೆನ್ಸರ ಕೈಹಿಡಿದರು. ಅದೇ ವರ್ಷ ಅವರೂ ಇಲ್ಲವಾದರು. ಆ ದಶಕದಲ್ಲಿ ಆತ್ಮಕಥೆ ಬರೆದು ಪ್ರಕಟಿಸಿದ ಟೋಂಡರ್, ಕೊನೆಗೆ ಹಾಲೆಂಡಿಗೆ ಮರಳಿ, ಲಾರನ್ ಎಂಬಲ್ಲಿ ವೃದ್ಧ ಕಲಾವಿದರಿಗಾಗಿ ಇರುವ ಮನೆಯಲ್ಲಿ ದಿನ ಕಳೆದರು. 2005ರ ಜುಲೈ 27ರಂದು ಅಲ್ಲೇ ಕಣ್ಣುಮುಚ್ಚಿದರು. ಆಗ ಅವರಿಗೆ 93 ವರ್ಷ.

ಬಾವಿ ತೋಡಿಸಿದವನ ಹೆಸರು ನೀರು ಸೇದುವವರಿಗೆಲ್ಲ ಗೊತ್ತಿರಬೇಕೆಂದಿಲ್ಲ. ಇಂದು ಡೆಂಕ್‌ರಾಮ್ ಎಂಬ ಮಾತನ್ನಾಡುವ ಡಚ್ ಮಕ್ಕಳಿಗೆ ಅದನ್ನು ಮೊದಲು ಆಡಿದ್ದು ಒಂದು ದಿನಪತ್ರಿಕೆಯ ಮೂಲೆಯಲ್ಲಿದ್ದ ಕುಳ್ಳನೆಂದು ತಿಳಿದಿರಲಿಕ್ಕಿಲ್ಲ. ಮಾತು ಮಾತ್ರ ಬತ್ತದೆ ಉಳಿದಿದೆ.