ಮಹಾಶೋಧಕನಾದ ಮೈಕೇಲ್ ಫ್ಯಾರಡೇ

ಬಡತನವು ವಿದ್ಯೆಗೆ ತಡೆಯೆಂದೆಣಿಸಿ ಮನಗುಂದುವವರು ಮೈಕೇಲ್ ಫ್ಯಾರಡೇ ಎಂಬ ಶಾಸ್ತ್ರಜ್ಞನ ಚರಿತ್ರೆಯನ್ನು ಓದತಕ್ಕದ್ದು. ಈತನು 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ ಪಟ್ಟಣದ ದಕ್ಷಿಣಕ್ಕಿರುವ ನ್ಯೂಯಿಂಗ್ಟನ್ ಎಂಬಲ್ಲಿ ಹುಟ್ಟಿದನು. ತಂದೆಯು ಕಮ್ಮಾರನು, ಆದರೆ ಕಾಯಿಲೆಯ ದೆಸೆಯಿಂದ ಎಡೆಬಿಡದೆ ದುಡಿಯಲು ಶಕ್ತನಾಗಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆಯು ಬಹಳವಾಗಿ ಏರಲು, ಬಾಲಕನು ಒಂದೇ ರೊಟ್ಟಿಯಲ್ಲಿ ಒಂದು ವಾರವನ್ನು ಕಳೆಯಬೇಕಾಯಿತು. ಓದು, ಬರಹ, ಲೆಕ್ಕಗಳ ಮೊದಲ ಪಾಠಗಳ ಹೊರತು ಶಾಲೆಯಲ್ಲಿ ಆತನು ಹೆಚ್ಚೇನನ್ನೂ ಕಲಿಯಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ಆತನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿದನು. ಮೊದಲು ಮನೆಮನೆಗೆ ವರ್ತಮಾನ ಪತ್ರಿಕೆಗಳನ್ನು ಕೊಂಡೊಯ್ಯುತ್ತಿದ್ದು, ಮರುವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಏಳು ವರ್ಷಗಳ ಕರಾರಿನ ಮೇಲೆ ಕಲಿಯತೊಡಗಿದನು. ಹಗಲು ರಟ್ಟು ಕಟ್ಟಿದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ಓದಿದನು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನವು ಆತನ ಮನಸ್ಸನ್ನು ಸೆಳೆಯಿತು. ಇನ್ನೊಂದು ಪುಸ್ತಕವು ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಕುರಿತು ಬರೆದು, 1805ರಲ್ಲಿ ತನ್ನ ಹೆಸರನ್ನು ಹಾಕದೆ ಪ್ರಕಟಿಸಿದ ಗ್ರಂಥ. ಅದರಲ್ಲಿ ಅಧ್ಯಾಪಕಿಯೊಬ್ಬಳು ಇಬ್ಬರು ಹುಡುಗಿಯರೊಡನೆ ಸಂಭಾಷಿಸುತ್ತ ಪಾಠ ಹೇಳುವಳು. ಅಲ್ಲಿ ಹೇಳಿದ್ದು ನಿಜವೋ ಅಲ್ಲವೋ ಎಂದು ಮೈಕೇಲನು ಕೈಯಲ್ಲಿದ್ದ ಅಲ್ಪ ಹಣದಿಂದ ತಾನೇ ಪ್ರಯೋಗ ಮಾಡಿ ನೋಡಿದನು. ಸ್ತ್ರೀಯೊಬ್ಬಳು ಹೆಣ್ಣುಮಕ್ಕಳ ಹಿತಕ್ಕಾಗಿ ಬರೆದುದೇ ಈ ಬಡ ಹುಡುಗನಿಗೆ ಶಾಸ್ತ್ರದ ಬಾಗಿಲನ್ನು ತೆರೆಯಿತು. ಆ ಉಪಕಾರವನ್ನು ಆತನು ಕೊನೆಯವರೆಗೂ ಸ್ಮರಿಸುತ್ತಿದ್ದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಟಿಕೇಟುಗಳಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯವು ಒದಗಿತು. ಕೇಳಿದ್ದನ್ನೆಲ್ಲಾ ಶುದ್ಧವಾಗಿ ಬರೆದು, ಚಿತ್ರಗಳನ್ನು ಸೇರಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. 1813ರ ಮಾರ್ಚ್ ತಿಂಗಳಲ್ಲಿ ಅಲ್ಲಿಯೇ ಪ್ರಯೋಗಶಾಲೆಯ ಸಹಾಯಕನಾದನು. ಮುಂದೆ ಶಿಷ್ಯನ ಕೀರ್ತಿಯು ಬೆಳೆಯಲು ಗುರುವಿನ ಮನಸ್ಸು ಕಹಿಯಾಯಿತು; 1824ರಲ್ಲಿ ಫ್ಯಾರಡೇಯು ರಾಯಲ್ ಸೊಸೈಟಿಯ ಸದಸ್ಯನಾಗುವುದನ್ನು ಡೇವಿಯು ವಿರೋಧಿಸಿದನು. ಆದರೂ ಆಯ್ಕೆಯಾದ ಫ್ಯಾರಡೇಯು ಗುರುವಿನ ಋಣವನ್ನು ಮರೆಯಲಿಲ್ಲ.

ಆತನ ಶೋಧನೆಗಳನ್ನು ತಿಳಿಯಲು ವಿದ್ಯುತ್ತಿನ ಮೊದಲ ಪಾಠವನ್ನು ನೆನೆಯೋಣ. ಗಾಜಿನ ಕಡ್ಡಿಯನ್ನು ರೇಷ್ಮೆಯಿಂದಲೂ, ಅರಗಿನ ಕಡ್ಡಿಯನ್ನು ಉಣ್ಣೆಯಿಂದಲೂ ಉಜ್ಜಿದರೆ ಎರಡೂ ಕಾಗದದ ಚೂರುಗಳನ್ನು ಸೆಳೆಯುವವು. ಆಗ ಅವು ವಿದ್ಯುದಾವೇಶವನ್ನು ಹೊಂದಿವೆಯೆನ್ನುತ್ತೇವೆ. ಗಾಜಿನದು ಧನಾವೇಶ, ಅರಗಿನದು ಋಣಾವೇಶ. ಒಂದೇ ಜಾತಿಯವು ಒಂದನ್ನೊಂದು ದೂಡುವವು. ಬೇರೆ ಜಾತಿಯವು ಸೆಳೆಯುವವು. ಉಜ್ಜುವುದರಿಂದ ಬರುವ ವಿದ್ಯುತ್ತೂ ಬ್ಯಾಟರಿಯ ವಿದ್ಯುತ್ತೂ ಬೇರೆ ಬೇರೆಯೋ ಎಂಬ ಸಂದೇಹವು ಆ ಕಾಲದಲ್ಲಿತ್ತು. ಎಲ್ಲವೂ ಒಂದೇ ಎಂಬುದನ್ನು ಫ್ಯಾರಡೇಯು 1833ರಲ್ಲಿ ಪ್ರಯೋಗಗಳಿಂದ ಸ್ಥಾಪಿಸಿದನು.

1836ರಲ್ಲಿ ಆತನು ಹನ್ನೆರಡು ಅಡಿಯ ಚೌಕದ ಕೋಣೆಯೊಂದನ್ನು ಮರದ ಚೌಕಟ್ಟಿನಿಂದ ಮಾಡಿಸಿ, ಹೊರಗೆ ತಂತಿಯನ್ನೂ ತವರದ ತಗಡಿನ ಹಾಳೆಯನ್ನೂ ಹೊದಿಸಿ, ಯಂತ್ರದಿಂದ ಅದಕ್ಕೆ ಬಲವಾದ ಆವೇಶವನ್ನು ಕೊಡಿಸಿದನು. ಹೊರಮೈಯಿಂದ ಕಿಡಿಗಳು ಹಾರುತ್ತಿದ್ದಾಗ ತಾನು ಒಳಗೆ ಕುಳಿತು ಉಪಕರಣಗಳಿಂದ ಪರೀಕ್ಷಿಸಲು, ವಿದ್ಯುತ್ತಿನ ಸುಳಿವೇ ಕಾಣಲಿಲ್ಲ. ಆವೇಶವು ವಾಹಕದ ಹೊರಮೈಯಲ್ಲಿಯೇ ನೆಲೆಸುವುದೆಂದು ಇದರಿಂದ ವಿಶದವಾಯಿತು. ಸಿಡಿಲಿನ ವೇಳೆಯಲ್ಲಿ ಲೋಹದ ಮೈಯುಳ್ಳ ಮುಚ್ಚಿದ ಮೋಟಾರಿನೊಳಗೆ ಕುಳಿತವರಿಗೆ ದೊರೆಯುವ ರಕ್ಷಣೆಗೂ ಇದೇ ಕಾರಣ.

1843ರ ಪ್ರಯೋಗವು ಇನ್ನೂ ಸರಳವಾದದ್ದು. ಮಂಜುಗಡ್ಡೆಯನ್ನಿಡುವ ಲೋಹದ ಪಾತ್ರೆಯೊಂದನ್ನು ನೆಲಕ್ಕೆ ವಿದ್ಯುತ್ತು ಹರಿಯದಂತೆ ನಿಲ್ಲಿಸಿ, ಅದರ ಹೊರಮೈಯನ್ನು ಚಿನ್ನದ ರೇಕುಗಳ ವಿದ್ಯುದ್ದರ್ಶಕಕ್ಕೆ ತಂತಿಯಿಂದ ಸೇರಿಸಿದನು. ಆವೇಶವುಳ್ಳ ಹಿತ್ತಾಳೆಯ ಗುಂಡನ್ನು ರೇಷ್ಮೆಯ ದಾರದಿಂದ ಪಾತ್ರೆಯೊಳಗೆ ಇಳಿಯಬಿಡಲು, ಮುಟ್ಟುವ ಮೊದಲೇ ರೇಕುಗಳು ಅಗಲಿ ನಿಂತವು. ಗುಂಡು ತಳವನ್ನು ಮುಟ್ಟಿದಾಗಲೂ ಅವು ಕದಲಲಿಲ್ಲ. ಗುಂಡನ್ನು ಹೊರತೆಗೆದಾಗ ಅದರಲ್ಲಿ ಆವೇಶವೇ ಉಳಿದಿರಲಿಲ್ಲ. ಗುಂಡಿನ ಆವೇಶವು ಪಾತ್ರೆಯ ಒಳಮೈಯಲ್ಲಿ ತನಗೆ ಸಮನಾದ ವಿರುದ್ಧ ಜಾತಿಯ ಆವೇಶವನ್ನೂ ಹೊರಮೈಯಲ್ಲಿ ಅಷ್ಟೇ ಸ್ವಜಾತಿಯ ಆವೇಶವನ್ನೂ ತೋರಿಸಿತ್ತು. ಜಾಗ್ರತೆಯುಳ್ಳ ಗೃಹಿಣಿಯ ಲೆಕ್ಕದಂತೆ ಪ್ರಕೃತಿಯ ಲೆಕ್ಕದಲ್ಲಿಯೂ ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಉಜ್ಜುವಾಗ ಆವೇಶವು ಹೊಸದಾಗಿ ಹುಟ್ಟುವುದಿಲ್ಲ. ಋಣಾವೇಶವುಳ್ಳ ಎಲೆಕ್ಟ್ರಾನ್ ಎಂಬ ಕಣಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಆ ಕಣವನ್ನು ಜೆ. ಜೆ. ಥಾಮ್ಸನ್ ಎಂಬಾತನು ಕಂಡುಹಿಡಿದದ್ದು 1897ರಲ್ಲಿ, ಫ್ಯಾರಡೇಯು ಗತಿಸಿ ಮೂವತ್ತು ವರ್ಷಗಳಾದ ಮೇಲೆ.

ಇವೆಲ್ಲಕ್ಕೂ ಮುಂಚೆ, 1831ರಲ್ಲಿ, ಹಲವು ವರ್ಷಗಳ ನಿಷ್ಫಲ ಯತ್ನಗಳ ತರುವಾಯ, ಅಯಸ್ಕಾಂತವನ್ನು ತಂತಿಯ ಸುರುಳಿಯೊಳಗೆ ಚಲಿಸಿದರೆ ವಿದ್ಯುತ್ಪ್ರವಾಹವು ಹುಟ್ಟುವುದೆಂದು ಆತನು ಕಂಡಿದ್ದನು. ಶಿವನಸಮುದ್ರದ ನೀರಿನ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಈ ನಿಯಮದಿಂದಲೇ.

ಫ್ಯಾರಡೇಯು ಗಣಿತದಲ್ಲಿ ನಿಪುಣನಾಗಿರಲಿಲ್ಲ. ಆತನ ಜ್ಞಾಪಕಶಕ್ತಿಯು ಪದೇ ಪದೇ ಕೈಕೊಡುತ್ತಿತ್ತು. ಆದಕಾರಣ ನೋಡಿದ್ದನ್ನೆಲ್ಲಾ ದಿನಚರಿಯಲ್ಲಿ ತಪ್ಪದೆ ಬರೆದಿಟ್ಟನು. ಆತನ ಭಾವನೆಗಳನ್ನು ಮುಂದೆ ಮ್ಯಾಕ್ಸ್‌ವೆಲ್ ಪಂಡಿತನು ಗಣಿತದ ರೂಪಕ್ಕೆ ತಂದನು. ಸರ್ ಎಂಬ ಬಿರುದನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನೂ ನಿರಾಕರಿಸಿ, ತನ್ನ ಚಿಕ್ಕ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿ ಸೇವೆಮಾಡಿದನು. ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳಿಗಾಗಿ ಹತ್ತೊಂಬತ್ತು ಉಪನ್ಯಾಸಮಾಲೆಗಳನ್ನು ನಡೆಸಿದನು. ಮೇಣದ ಬತ್ತಿಯೊಂದನ್ನು ಹಿಡಿದು ಶಾಸ್ತ್ರವನ್ನು ಬೋಧಿಸಿದ ಮಾಲೆಯು 1861ರಲ್ಲಿ ಗ್ರಂಥವಾಯಿತು. 1867ರ ಆಗಸ್ಟ್ 25ರಂದು ತನ್ನ ಕುರ್ಚಿಯಲ್ಲಿ ಕುಳಿತಂತೆಯೇ ಶಾಂತವಾಗಿ ಪ್ರಾಣ ಬಿಟ್ಟನು.

ವಿದ್ಯಾರ್ಥಿನಿಯರೇ, ಓದಿದ್ದನ್ನು ಕೈಯಾರೆ ಮಾಡಿ ನೋಡಿರಿ, ನೋಡಿದ್ದನ್ನು ಬರೆದಿಡಿರಿ. ರಟ್ಟು ಕಟ್ಟುವ ಹುಡುಗನು ಶಾಸ್ತ್ರಜ್ಞನಾದದ್ದು ಈ ಎರಡು ಅಭ್ಯಾಸಗಳಿಂದ.