ಇಂದಿನ ಚಿಂತನೆ: ಗಾಜಿನ ತಟ್ಟೆ ಹೊತ್ತು ನಡೆದ ಯೂಜೆನ್ ಅಟ್ಜೆ



ಈ ವಾರ ನಾವು ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ಆಜೀವ, ಸಮ್ಮಾ ವಾಯಾಮ, ಸಮ್ಮಾ ಸತಿ ಓದುತ್ತಿದ್ದೇವೆ. ಇವತ್ತು ನಿಮ್ಮ ಮುಂದೆ ಒಬ್ಬ ಫೋಟೋಗ್ರಾಫರ್ ಬದುಕನ್ನು ಇಡುತ್ತೇನೆ. ಅವರು ಬೌದ್ಧರಲ್ಲ, ಸಂತರೂ ಅಲ್ಲ. ಫೋಟೋ ಮಾರಿ ಹೊಟ್ಟೆ ಹೊರೆದವರು. ಆದರೆ ಈ ಮೂರು ಅಂಗಗಳು ದಿನನಿತ್ಯದ ದುಡಿಮೆಯಲ್ಲಿ ಹೇಗಿರುತ್ತವೆ ಎಂದು ನನಗೆ ಅವರ ಬದುಕಿನಿಂದ ಸ್ಪಷ್ಟವಾಯಿತು.

*ಯಾರು ಇವರು?*

ಯೂಜೆನ್ ಅಟ್ಜೆ 1857ರಲ್ಲಿ ಫ್ರಾನ್ಸ್‌ನ ಲಿಬೂರ್ನ್ ಎಂಬ ಊರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಹಡಗಿನಲ್ಲಿ ದುಡಿದರು. ನಟನಾಗಬೇಕೆಂದು ಪ್ಯಾರಿಸ್‌ಗೆ ಬಂದು ನಾಟಕಶಾಲೆ ಸೇರಿದರು. ಕಡ್ಡಾಯ ಸೈನ್ಯಸೇವೆಯ ನಡುವೆ ಆ ಓದು ನಿಂತುಹೋಯಿತು. ಊರೂರು ಅಲೆಯುವ ನಾಟಕ ತಂಡದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಗಂಟಲು ಕೆಟ್ಟು ಅದನ್ನೂ ಬಿಡಬೇಕಾಯಿತು. ಮೂವತ್ತರ ಆಸುಪಾಸಿನಲ್ಲಿ, ಕೈಯಲ್ಲಿ ಏನೂ ಉಳಿಯದಿದ್ದಾಗ, ಕ್ಯಾಮೆರಾ ಹಿಡಿದರು.

ಚಿತ್ರ ಬರೆಯುವವರಿಗೆ ನೋಡಿ ಬರೆಯಲು ಮರ, ಬಾಗಿಲು, ಬೀದಿಯ ಫೋಟೋಗಳು ಬೇಕಿದ್ದವು. ಅಟ್ಜೆ ಅಂಥ ಫೋಟೋ ತೆಗೆದು ಮಾರುತ್ತಿದ್ದರು. ತಮ್ಮನ್ನು ಕಲಾವಿದ ಎಂದು ಕರೆದುಕೊಳ್ಳಲಿಲ್ಲ. ತಾವು ಮಾಡುವುದು ದಾಖಲೆ, ಅಷ್ಟೇ. ಆಮೇಲೆ, ಹಳೆಯ ಪ್ಯಾರಿಸ್ ಒಡೆದು ಹೊಸದು ಕಟ್ಟುತ್ತಿದ್ದ ಕಾಲದಲ್ಲಿ, ಅಳಿದುಹೋಗಲಿರುವ ಓಣಿ, ಅಂಗಳ, ಮೆಟ್ಟಿಲುಗಳನ್ನು ಮೂವತ್ತು ವರ್ಷ ಒಂದೊಂದಾಗಿ ತೆಗೆದಿಟ್ಟರು.

*ಅವರ ಕೆಲಸ*

ಅವರದು ಮರದ ದೊಡ್ಡ ಕ್ಯಾಮೆರಾ. ಫಿಲಂ ರೋಲ್ ಅಲ್ಲ, 18 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಉದ್ದದ ಗಾಜಿನ ತಟ್ಟೆಗಳು. ಕ್ಯಾಮೆರಾ, ಮುಕ್ಕಾಲಿ ಸ್ಟ್ಯಾಂಡು, ಗಾಜು ಎಲ್ಲಾ ಸೇರಿ ಒಂದು ದೊಡ್ಡ ಹೊರೆ. ಅದನ್ನು ಹೊತ್ತು ಬೆಳಗಿನ ಜಾವವೇ ಹೊರಡುತ್ತಿದ್ದರು. ಒಂದು ಜಾಗದಲ್ಲಿ ನಿಂತು, ಕಪ್ಪು ಬಟ್ಟೆ ತಲೆಗೆ ಹೊದ್ದು, ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಬೇಕು. ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ.

ಮನೆಗೆ ಬಂದ ಮೇಲೆ ಪ್ರಿಂಟ್. ಚಿತ್ರವನ್ನು ದೊಡ್ಡದು ಮಾಡುವ ಯಂತ್ರ ಬಳಸಲಿಲ್ಲ. ಗಾಜಿನ ನೆಗೆಟಿವ್ ಅನ್ನು ಕಾಗದಕ್ಕೆ ನೇರವಾಗಿ ಒತ್ತಿ, ಚೌಕಟ್ಟಿಗೆ ಸೇರಿಸಿ, ಬಿಸಿಲಿಗೆ ಇಡುವುದು. ಮೊಟ್ಟೆಯ ಬಿಳಿ ಮತ್ತು ಬೆಳ್ಳಿಯ ಲವಣ ಹಚ್ಚಿದ ಕಾಗದ ಅದು. ಬಿಸಿಲಲ್ಲೇ ನಿಧಾನಕ್ಕೆ ಚಿತ್ರ ಮೂಡುತ್ತದೆ. ಮೋಡ ಬಂದರೆ ಕಾಯಬೇಕು. ಆಮೇಲೆ ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ಬಣ್ಣ ತರಬೇಕು, ಚಿತ್ರ ನಿಲ್ಲುವಂತೆ ಮಾಡಬೇಕು, ಚೆನ್ನಾಗಿ ತೊಳೆಯಬೇಕು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಗಾಜಿನಲ್ಲಿ ಇಲ್ಲದ್ದು ಕಾಗದದಲ್ಲಿ ಬರುವುದಿಲ್ಲ.

ಇಲ್ಲಿ ನಾನು ಕಲಿತ ಮೊದಲ ಪಾಠ: ಸಮ್ಮಾ ಸತಿ ಕಣ್ಣು ಮುಚ್ಚಿ ಕೂತಾಗ ಮಾತ್ರ ಇರುವುದಲ್ಲ. ನೋಡುವ ಹೊತ್ತಿನಲ್ಲೇ ಪೂರ್ತಿ ನೋಡಬೇಕು. ಆಮೇಲೆ ತಿದ್ದಿಕೊಂಡರಾಯಿತು ಎನ್ನುವ ಮನಸ್ಸು ಈಗಿನ ಕ್ಷಣವನ್ನು ಸರಿಯಾಗಿ ನೋಡುವುದಿಲ್ಲ.

*ಊರ ಹೊರಗಿನವರು*

ಅಟ್ಜೆ ಅರಮನೆ, ತೋಟಗಳನ್ನಷ್ಟೇ ತೆಗೆಯಲಿಲ್ಲ. ಆಗ ಪ್ಯಾರಿಸ್ ಸುತ್ತ ಕೋಟೆ ಗೋಡೆ ಇತ್ತು. ಗೋಡೆಯಾಚೆ ಸೈನ್ಯದ ಕಾರಣಕ್ಕೆ ಗಟ್ಟಿ ಕಟ್ಟಡ ಕಟ್ಟಬಾರದೆಂದು ಬಿಟ್ಟ ಜಾಗವಿತ್ತು. ಅಲ್ಲಿ ಹಲಗೆ, ತಗಡಿನ ಗುಡಿಸಲು ಹಾಕಿಕೊಂಡು ಬಡವರಿದ್ದರು. ಅವರಲ್ಲಿ ಹಲವರು ನಗರದ ಕಸ ಆಯ್ದು, ಚಿಂದಿ ಮಾರಿ ಬದುಕುತ್ತಿದ್ದವರು. 1912, 1913ರ ಹೊತ್ತಿಗೆ ಅಟ್ಜೆ ಅವರ ಗುಡಿಸಲು, ಗಾಡಿ, ಅಂಗಳ, ಮಕ್ಕಳನ್ನು ಅರಮನೆಗೆ ಕೊಟ್ಟಷ್ಟೇ ಗಮನ ಕೊಟ್ಟು ತೆಗೆದರು. ಅದರದೇ ಒಂದು ಆಲ್ಬಂ ಮಾಡಿದರು. ಅದಕ್ಕೂ ಮೊದಲು ಬೀದಿ ವ್ಯಾಪಾರಿಗಳು, ಕೂಲಿಗಳ ಚಿತ್ರಗಳನ್ನೂ ತೆಗೆದಿದ್ದರು.

ಅಲ್ಲಿನ ಬಡತನ ನಮ್ಮ ಅಸ್ಪೃಶ್ಯತೆಯಂಥದ್ದಲ್ಲ. ಹುಟ್ಟಿನಿಂದ ಮೈಲಿಗೆ ಎಂದು ಧರ್ಮವೇ ಹೇಳಿದ್ದಲ್ಲ. ಎರಡನ್ನೂ ಒಂದೇ ಎಂದರೆ ತಪ್ಪಾಗುತ್ತದೆ. ಆದರೂ ಆ ಚಿತ್ರಗಳನ್ನು ನೋಡುವಾಗ ಊರಾಚೆಯ ಕೇರಿ ಎಂದರೆ ಏನೆಂದು ಗೊತ್ತಿರುವ ನಾವು ಬೇರೆಯವರಂತೆ ನೋಡಲಾರೆವು.

*ಹೆಸರಿನ ಮಾತು*

1920ರಲ್ಲಿ ಅಟ್ಜೆ 2,621 ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗೆ ಸರ್ಕಾರಕ್ಕೆ ಮಾರಿದರು. ಹಣಕ್ಕೆ ಮಾತ್ರವಲ್ಲ, ಅವು ಉಳಿಯಲಿ ಎಂದು. 1926ರಲ್ಲಿ ಅದೇ ಬೀದಿಯಲ್ಲಿದ್ದ ಮ್ಯಾನ್ ರೇ ಎಂಬ ಕಲಾವಿದ ಇವರ ಕೆಲವು ಚಿತ್ರಗಳನ್ನು ಒಂದು ಪತ್ರಿಕೆಯಲ್ಲಿ ಹಾಕಿಸಿದರು. ಒಂದು ಮುಖಪುಟದಲ್ಲೇ ಬಂತು. ತಮ್ಮ ಹೆಸರು ಹಾಕುವುದು ಬೇಡ ಎಂದರು ಅಟ್ಜೆ. ಅದೇ ವರ್ಷ ಬಾಳ ಸಂಗಾತಿ ವ್ಯಾಲಂಟೀನ್ ತೀರಿಕೊಂಡರು. 1927ರ ಆಗಸ್ಟ್‌ನಲ್ಲಿ ಅಟ್ಜೆ ಕೂಡ ಹೊರಟುಹೋದರು.

ಮ್ಯಾನ್ ರೇ ಬಳಿ ಸಹಾಯಕಿಯಾಗಿದ್ದ ಬೆರೆನಿಸ್ ಅಬಟ್ ಎಂಬ ಅಮೆರಿಕದ ಯುವತಿ ಅದೇ ವರ್ಷ ಅಟ್ಜೆಯವರ ಭಾವಚಿತ್ರ ತೆಗೆದಿದ್ದರು. ಅದನ್ನು ತೋರಿಸಲು ಹೋದಾಗ ಅವರು ಇರಲಿಲ್ಲ. ಅಬಟ್ ಸಾಲಸೋಲ ಎನ್ನದೆ, ಉಳಿದಿದ್ದ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್, ಸಾವಿರಾರು ಪ್ರಿಂಟ್‌ಗಳನ್ನು ಕೊಂಡು ಅಮೆರಿಕಕ್ಕೆ ಒಯ್ದು, ಸುಮಾರು 40 ವರ್ಷ ಕಾದಿಟ್ಟರು. 1968ರಲ್ಲಿ ಅವು ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂ ಸೇರಿದವು. ಇವತ್ತು ಅಟ್ಜೆ ಹೆಸರು ಲೋಕಕ್ಕೇ ಗೊತ್ತು.

ಅನತ್ತದ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನನಗೆ ಇನ್ನೊಂದು ಮಾತು ಕಾಡುತ್ತದೆ. ಅಟ್ಜೆ ತೀರಿಕೊಂಡ ಅದೇ 1927ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಮಹಾಡ್‌ನ ಚೌಡಾರ್ ಕೆರೆಯ ನೀರು ಮುಟ್ಟಿದರು. ಅವರ ಹಿಂದೆ ಸಾವಿರಾರು ಜನ ನಡೆದರು. ಅವರಲ್ಲಿ ಎಷ್ಟು ಜನರ ಮುಖ, ಎಷ್ಟು ಜನರ ಹೆಸರು ನಮಗೆ ಗೊತ್ತು? ನನ್ನ ಅಜ್ಜಿಯದು ಒಂದೇ ಒಂದು ಫೋಟೋ ಇದೆ, ಅದೂ ರೇಷನ್ ಕಾರ್ಡಿಗೆ ತೆಗೆಸಿದ್ದು.

ಅಟ್ಜೆ ಹೆಸರು ಬೇಡ ಎಂದದ್ದು ತಾವಾಗಿ ಬಿಟ್ಟದ್ದು. ನಮ್ಮ ಹಿರಿಯರ ಹೆಸರು ಕಿತ್ತುಕೊಂಡದ್ದು. ಬಿಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ವ್ಯತ್ಯಾಸ ಬಹಳ. ಕಿತ್ತುಕೊಂಡದ್ದನ್ನು ವೈರಾಗ್ಯ ಎಂದು ಕರೆದು ಸುಮ್ಮನಾಗುವುದು ಧಮ್ಮ ಅಲ್ಲ. ಅನಿಚ್ಚ ಎಂದರೆ ಎಲ್ಲವೂ ಅಳಿಯುತ್ತದೆ, ಆದ್ದರಿಂದ ಕೈ ಕಟ್ಟಿ ಕೂರಿ ಎಂದಲ್ಲ. ಅಳಿಯುತ್ತದೆ ಎಂದು ತಿಳಿದೇ ಆ ಮುದುಕ ದಿನವೂ ಹೊರೆ ಹೊತ್ತು ಹೊರಟರು. ನಾವೂ ಅಹಂಕಾರ ಬಿಡೋಣ, ಹಿರಿಯರ ಗುರುತು ಬಿಡುವುದು ಬೇಡ.

*ಈ ವಾರದ ಸಾಧನೆ*

ಮನೆಯಲ್ಲಿರುವ ಒಂದು ಹಳೆಯ ಫೋಟೋ ತೆಗೆಯಿರಿ. ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಪೆನ್ ಬೇಡ, ಶಾಯಿ ಮುಂದಕ್ಕೆ ಹರಡಬಹುದು. ದೀಕ್ಷೆ ಪಡೆದ ಮೊದಲ ತಲೆಮಾರಿನವರು ಮನೆಯಲ್ಲಿದ್ದರೆ ಅವರ ಪಕ್ಕ ಹತ್ತು ನಿಮಿಷ ಕೂತು ಮಾತಾಡಿಸಿ, ಬೆಳಕು ಇರುವಾಗಲೇ ಒಂದು ಒಳ್ಳೆಯ ಫೋಟೋ ತೆಗೆಯಿರಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈಭೀಮ್ 🙏